ನೌಕರರಾಗಿ ಅಂಬೇಡ್ಕರ್

ಡಾಕ್ಟರ್ ಭೀಮರಾವ್ ರಾಮಜಿ ಅಂಬೇಡ್ಕರರ ಪ್ರತಿಮೆಯಿಲ್ಲದ ಊರು ಇಂದು ನಮ್ಮಲ್ಲಿ ವಿರಳ. ಮೇಲೆತ್ತಿದ ಬಲಗೈಯ ತೋರುಬೆರಳು, ಎಡತೋಳಿನಲ್ಲಿ ಅಪ್ಪಿ ಹಿಡಿದ ರಾಜ್ಯಾಂಗದ ಹೊತ್ತಗೆ, ನೀಲಿ ಬಣ್ಣದ ಕೋಟು. ಈ ರೂಪವನ್ನು ಶಾಲೆಯ ಮಕ್ಕಳೂ ಬಲ್ಲರು. ಅವರು ಮಹಾಡದಲ್ಲಿ ಕೆರೆಯ ನೀರು ಮುಟ್ಟಿದ್ದನ್ನು, ಪುಣೆಯಲ್ಲಿ ಗಾಂಧೀಜಿಯವರೊಡನೆ ಒಪ್ಪಂದ ಮಾಡಿಕೊಂಡದ್ದನ್ನು, ನಾಗಪುರದಲ್ಲಿ ಬುದ್ಧನಿಗೆ ಶರಣುಹೋದದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯ ಕಡತಗಳ ನಡುವೆ ಬಾಳಿದ ನನ್ನಂಥವನ ಮನಸ್ಸು ಮಾತ್ರ ಆ ದೊಡ್ಡ ಸಂಗತಿಗಳನ್ನು ದಾಟಿ ಒಂದು ಸಣ್ಣ ಸಂಗತಿಯ ಬಳಿಗೆ ಮತ್ತೆ ಮತ್ತೆ ಹೋಗಿ ನಿಲ್ಲುತ್ತದೆ. ಅಂಬೇಡ್ಕರರೂ ಒಮ್ಮೆ ಕಚೇರಿಯ ನೌಕರರಾಗಿದ್ದರು. ಮೇಜು ಇತ್ತು, ಕುರ್ಚಿ ಇತ್ತು, ಸಂಬಳ ಗೊತ್ತಾಗಿತ್ತು. ಆ ಕುರ್ಚಿಯಲ್ಲಿ ಅವರು ಕುಳಿತದ್ದು ಕೆಲವೇ ದಿನ. ಅವರ ಬಾಳಿನ ಎಷ್ಟೋ ಭಾಗಕ್ಕೆ ಆ ಕೆಲವು ದಿನಗಳೇ ಕೀಲಿಕೈ ಎಂದು ನನ್ನ ಎಣಿಕೆ.

ಕಥೆ ಅವರಿಗಿಂತ ಒಂದು ತಲೆಮಾರು ಹಿಂದಿನಿಂದ ಆರಂಭವಾಗಬೇಕು. ಅವರ ತಂದೆ ರಾಮಜಿ ಸಕ್ಪಾಲರು ಬ್ರಿಟಿಷ್ ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯಲ್ಲಿ ಉಪಾಧ್ಯಾಯರು. 1891ರ ಏಪ್ರಿಲ್ 14ರಂದು ಭೀಮರಾಯರು ಹುಟ್ಟಿದ್ದು ಮಹೂ ಎಂಬ ದಂಡಿನ ಊರಿನಲ್ಲಿ. ಮಹಾರರಿಗೆ ಆ ಕಾಲದಲ್ಲಿ ಸೈನ್ಯವೆಂದರೆ ಕೇವಲ ಹೊಟ್ಟೆಪಾಡಲ್ಲ. ಅಲ್ಲಿ ಅಕ್ಷರವಿತ್ತು, ಶಿಸ್ತಿತ್ತು, ಹಳ್ಳಿಯ ಗೌಡನ ಮುಂದೆ ತಲೆಯೆತ್ತಿ ನಡೆಯಬಹುದಾದ ಒಂದು ಉಡುಪಿತ್ತು. ಭೀಮರಾಯರು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಆ ಬಾಗಿಲು ಮುಚ್ಚಿತು. ಕೆಲವು ಜಾತಿಗಳು ಮಾತ್ರವೇ ಯುದ್ಧಕ್ಕೆ ಯೋಗ್ಯವೆಂಬ ಹೊಸ ಸಿದ್ಧಾಂತ ಸೈನ್ಯಾಧಿಕಾರಿಗಳ ತಲೆಯನ್ನು ಹೊಕ್ಕಿ, 1892-93ರ ಸುಮಾರಿಗೆ ಮಹಾರರ ನೇಮಕವೇ ನಿಂತುಹೋಯಿತು. ಎಷ್ಟೋ ಯುದ್ಧಗಳಲ್ಲಿ ಹೋರಾಡಿದವರ ಮಕ್ಕಳು, ಹುಟ್ಟಿನ ಕಾರಣದಿಂದಲೇ, ಸಿಪಾಯಿಯ ಕೆಲಸಕ್ಕೂ ಅನರ್ಹರಾದರು. ನಿವೃತ್ತ ಸೈನಿಕರು ಮನವಿಗಳನ್ನು ಬರೆದರು. ಸರ್ಕಾರ ಓದಿ ಬದಿಗಿಟ್ಟಿತು. ಸರ್ಕಾರದ ನೌಕರಿಯಲ್ಲಿ ಭೇದವೆಂದರೆ ಏನೆಂಬುದು ಈ ಮನೆಯವರಿಗೆ ಪುಸ್ತಕದಿಂದ ತಿಳಿದ ವಿಷಯವಲ್ಲ.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ 1912ರಲ್ಲಿ ಬಿ.ಎ. ಮುಗಿಸಿದ ಮೇಲೆ ತರುಣ ಭೀಮರಾಯರು ಬರೋಡಾ ಸಂಸ್ಥಾನದ ಸೈನ್ಯದಲ್ಲಿ ಕೆಲಸಕ್ಕೆ ಸೇರಿದ್ದುಂಟು. ತಂದೆಗೆ ಅದು ಹಿಡಿಸಿರಲಿಲ್ಲ. ಸೇರಿ ಕೆಲವೇ ದಿನವಾಗಿತ್ತು. ತಂದೆಯ ಅಸ್ವಸ್ಥತೆಯ ತಂತಿ ಬಂದು ಮುಂಬಯಿಗೆ ಧಾವಿಸಿದರು. 1913ರ ಫೆಬ್ರವರಿ 2ರಂದು ರಾಮಜಿ ತೀರಿಕೊಂಡರು. ಅದೇ ವರ್ಷ ಮಹಾರಾಜ ಸಯಾಜಿರಾವ್ ಗಾಯಕವಾಡರು ಈ ತರುಣನನ್ನು ಅಮೆರಿಕಕ್ಕೆ ಕಳುಹಿಸಲು ವಿದ್ಯಾರ್ಥಿವೇತನ ಕೊಟ್ಟರು. ಒಂದು ಕರಾರು: ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷ, ಅನಂತರ ಲಂಡನ್ನಿನಲ್ಲಿ ಒಂದು ವರ್ಷ. ಆ ವಿದ್ಯಾಭ್ಯಾಸದ ವಿವರಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಂದು ಮಾತನ್ನು ಮಾತ್ರ ನೆನೆಯಬೇಕು. ಆ ನಾಲ್ಕು ವರ್ಷ ಅವರ ಮನಸ್ಸಿನಿಂದ ಅಸ್ಪೃಶ್ಯತೆಯ ಅರಿವನ್ನೇ ತೊಡೆದುಹಾಕಿತ್ತೆಂದು ಅವರೇ ಬರೆದಿದ್ದಾರೆ. ಯಾರ ಪಕ್ಕದಲ್ಲಿಯಾದರೂ ಕುಳಿತು ಉಂಡವರು, ಯಾವ ಗ್ರಂಥಾಲಯದ ಬಾಗಿಲನ್ನಾದರೂ ತಳ್ಳಿ ಒಳಹೊಕ್ಕವರು, ವಿದ್ಯಾರ್ಥಿವೇತನದ ಅವಧಿ ಮುಗಿದು 1917ರ ಆಗಸ್ಟಿನಲ್ಲಿ ಸ್ವದೇಶಕ್ಕೆ ಮರಳಿದರು. ಯುದ್ಧಕಾಲ. ಬೇರೆ ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಗಳು ಶತ್ರುವಿನ ದಾಳಿಗೆ ಸಿಕ್ಕಿ ಸಮುದ್ರದ ಪಾಲಾದವು. ಪುಸ್ತಕಗಳನ್ನು ಅಷ್ಟೊಂದು ಪ್ರೀತಿಸಿದವರಿಗೆ ಸ್ವದೇಶ ಕೊಟ್ಟ ಮೊದಲ ಸ್ವಾಗತ ಅದು.

ಕರಾರಿನಂತೆ ಬರೋಡಾಕ್ಕೆ ಹೊರಟರು. ರೈಲಿನಲ್ಲಿ ಕುಳಿತಾಗಲೇ ಅವರನ್ನು ಕೊರೆಯುತ್ತಿದ್ದ ಪ್ರಶ್ನೆ ಕೆಲಸದ್ದಲ್ಲ, ಎಲ್ಲಿ ಇಳಿದುಕೊಳ್ಳುವುದೆಂಬುದು. ಹಿಂದೂ ವಸತಿಗೃಹಗಳು ತಮ್ಮನ್ನು ಸೇರಿಸವು. ಸುಳ್ಳು ಹೆಸರು ಹೇಳಿದರೆ ಸೇರಿಸಾವು, ಆದರೆ ಊರಲ್ಲಿ ಗುರುತಿನವರಿದ್ದಾರೆ. ಕೊನೆಗೆ ಪಾರಸಿಗಳ ಛತ್ರವೊಂದು ನೆನಪಾಯಿತು. ಪಾರಸಿ ಧರ್ಮದಲ್ಲಿ ಅಸ್ಪೃಶ್ಯತೆಯಿಲ್ಲವಷ್ಟೆ ಎಂದು ಧೈರ್ಯ ತಂದುಕೊಂಡು ಅಲ್ಲಿಗೆ ಹೋದರು. ಛತ್ರದ ನಿಯಮದಂತೆ ಪಾರಸಿಗಳಲ್ಲದವರಿಗೆ ಪ್ರವೇಶವಿಲ್ಲ. ಬಹುಕಾಲದಿಂದ ಅತಿಥಿಗಳಿಲ್ಲದೆ ಸಂಪಾದನೆ ನಿಂತಿದ್ದ ಮೇಲ್ವಿಚಾರಕ, ದಿನಕ್ಕೆ ಒಂದೂವರೆ ರೂಪಾಯಿಯ ಆಸೆಗೆ, ಪುಸ್ತಕದಲ್ಲಿ ಒಂದು ಪಾರಸಿ ಹೆಸರು ಬರೆಸಿಕೊಂಡು ಒಳಗೆ ಬಿಟ್ಟ. ಮಹಡಿಯ ಮೇಲೆ ಒಂದು ಸಣ್ಣ ಕೋಣೆ. ಉಳಿದುದೆಲ್ಲ ಮುರುಕು ಬೆಂಚು, ಹಲಗೆಗಳನ್ನು ತುಂಬಿದ ದೊಡ್ಡ ಹಜಾರ. ವಿದ್ಯುತ್ತಿಲ್ಲ, ಲಾಟೀನೊಂದರ ಬೆಳಕು. ಬಾವಲಿಗಳ ಹಾರಾಟ. ಮಾತನಾಡಲು ನರಪಿಳ್ಳೆಯಿಲ್ಲ. ಅಮೆರಿಕದ ವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಬರೆದವರು ಆ ಕತ್ತಲಲ್ಲಿ ಓದುತ್ತ ಒಂಟಿತನವನ್ನು ಮರೆಯುತ್ತಿದ್ದರು. ಸರ್ಕಾರಿ ಬಂಗಲೆಗೆ ಅರ್ಜಿ ಹೋಗಿತ್ತು, ಅದು ಇತ್ಯರ್ಥವಾಗಿರಲಿಲ್ಲ.

ಕೆಲಸ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ. ಮುಂದೆ ದೊಡ್ಡ ಹುದ್ದೆಗೆ ಏರಿಸಬೇಕೆಂಬುದು ಮಹಾರಾಜರ ಉದ್ದೇಶ. ಮೊದಲು ಲೆಕ್ಕಪತ್ರದ ಪರಿಚಯವಾಗಲೆಂದು ಅಲ್ಲಿಗೆ ಹಾಕಿದ್ದರು. ಆ ಕಚೇರಿಯ ಒಳಗಿನ ಚಿತ್ರವನ್ನು ಅವರ ಜೀವನಚರಿತ್ರಕಾರರು ಕೊಟ್ಟಿದ್ದಾರೆ. ಜವಾನರು ಕಡತಗಳನ್ನು ಅವರ ಕೈಗೆ ಕೊಡುತ್ತಿರಲಿಲ್ಲ, ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಅವರು ಎದ್ದುಹೋಗುವಾಗ ನೆಲದ ಜಮಖಾನೆಯನ್ನು ಸುತ್ತಿಡುತ್ತಿದ್ದರು. ಕುಡಿಯಲು ನೀರು ಸಿಗುತ್ತಿರಲಿಲ್ಲ.

ಕಚೇರಿಯಲ್ಲಿ ಬಾಳಿದವರಿಗೆ ಈ ಸಂಗತಿಯ ಅರ್ಥ ಬೇಗ ಹೊಳೆಯುತ್ತದೆ. ಸಯಾಜಿರಾಯರು ಆ ಕಾಲದ ಉದಾರ ಅರಸರಲ್ಲಿ ಅಗ್ರಗಣ್ಯರು. ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದವರು. ಅವರ ಆಜ್ಞೆ ರಾಜ್ಯದ ಎಲ್ಲೆಯವರೆಗೆ ನಡೆಯುತ್ತಿತ್ತು. ತಮ್ಮದೇ ಕಚೇರಿಯ ಜವಾನನ ಕೈಯವರೆಗೆ ನಡೆಯಲಿಲ್ಲ. ನೇಮಕದ ಪತ್ರವನ್ನು ಅರಸ ಕೊಡಬಲ್ಲ, ನೀರಿನ ಲೋಟವನ್ನು ಕೊಡುವವರು ಬೇರೆ. ಇನ್ನೂ ವಿಚಿತ್ರವೆಂದರೆ, ಆ ಜವಾನ ಸಂಬಳದಲ್ಲಿ, ವಿದ್ಯೆಯಲ್ಲಿ, ಅಧಿಕಾರದಲ್ಲಿ ಅವರಿಗಿಂತ ಎಷ್ಟೋ ಕೆಳಗಿನವನು. ನಮ್ಮ ಕಚೇರಿಗಳಲ್ಲಿ ದರ್ಜೆಗಳ ಪಟ್ಟಿ ಎರಡಿರುತ್ತದೆ: ಒಂದು ಗೋಡೆಯ ಮೇಲೆ ಬರೆದದ್ದು, ಇನ್ನೊಂದು ಯಾರೂ ಬರೆಯದೆ ಎಲ್ಲರೂ ಓದುವುದು.

ಹನ್ನೊಂದನೆಯ ದಿನ ಬೆಳಗ್ಗೆ, ಅವರು ಕಚೇರಿಗೆ ಹೊರಡುವ ಹೊತ್ತಿಗೆ, ಹತ್ತು ಹನ್ನೆರಡು ಮಂದಿ ಪಾರಸಿಗಳು ದೊಣ್ಣೆ ಹಿಡಿದು ಛತ್ರಕ್ಕೆ ಬಂದರು. ಛತ್ರವನ್ನು ಮೈಲಿಗೆ ಮಾಡಿದನೆಂಬುದು ಆಪಾದನೆ. ಒಂದು ವಾರ ಅವಕಾಶ ಕೇಳಿದರು. ಸಂಜೆಯೊಳಗೆ ಖಾಲಿ ಮಾಡಬೇಕೆಂಬುದೇ ಉತ್ತರ. ಅಂದು ಊರಿನಲ್ಲಿ ತಮಗೆ ಗೊತ್ತಿದ್ದ ಇಬ್ಬರನ್ನು ಕಂಡರು. ಹಿಂದೂ ಸ್ನೇಹಿತರು ತಮ್ಮ ಮನೆಗೆ ಇವರು ಬಂದರೆ ಆಳುಗಳು ಬಿಟ್ಟುಹೋಗುತ್ತಾರೆಂದು ವ್ಯಥೆಪಟ್ಟರು. ಕ್ರೈಸ್ತ ಸ್ನೇಹಿತರು ಹೆಂಡತಿ ಮರುದಿನ ಬರುತ್ತಾಳೆ, ಕೇಳಿ ಹೇಳುತ್ತೇನೆ ಎಂದರು; ಅದು ಸೌಜನ್ಯದ ನಿರಾಕರಣೆಯೆಂದು ಅರಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಂಬಯಿಯ ರೈಲು ರಾತ್ರಿ ಒಂಬತ್ತಕ್ಕೆ. ಸಂಜೆ ನಾಲ್ಕರಿಂದ ಐದು ತಾಸು ಕಳೆಯಲು ಒಂದು ತಾಣ ಬೇಕಲ್ಲ! ಊರ ಸಾರ್ವಜನಿಕ ಉದ್ಯಾನವಾದ ಕಾಮಾಠಿ ಬಾಗಿನಲ್ಲಿ, ಸ್ವಲ್ಪ ಹೊತ್ತು ಶೂನ್ಯಮನಸ್ಕರಾಗಿ, ಸ್ವಲ್ಪ ಹೊತ್ತು ತಂದೆತಾಯಿಯರನ್ನು ನೆನೆದು ದುಃಖಿಸುತ್ತ ಕುಳಿತರು. ಆ ಸ್ಥಳವನ್ನು ಇಂದು ಸಂಕಲ್ಪಭೂಮಿಯೆಂದು ಕರೆದು ಜನ ನಮಿಸುತ್ತಾರೆ. ಅಂದು ಅಲ್ಲಿ ಅವರು ಪ್ರತಿಜ್ಞೆ ಮಾಡಿದರೆಂಬುದು ಜನರ ನಂಬಿಕೆ. ಅವರ ಸ್ವಂತ ಬರಹದಲ್ಲಿರುವುದು ಪ್ರತಿಜ್ಞೆಯಲ್ಲ, ಕಣ್ಣೀರು. ನನಗೆ ಅದೇ ಸಾಕೆನಿಸುತ್ತದೆ.

ಮುಂಬಯಿಗೆ ಬಂದವರು ಹೊಟ್ಟೆಪಾಡಿಗೆ ಮನೆಪಾಠ ಹೇಳಿದರು. ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಉದ್ಯೋಗ ಹೂಡಿದರು, ಜಾತಿ ತಿಳಿದೊಡನೆ ಗಿರಾಕಿಗಳು ತಪ್ಪಿಹೋದರು. 1918ರ ನವೆಂಬರಿನಲ್ಲಿ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾದರು. ಅದು ಸರ್ಕಾರದ ಕಾಲೇಜು. ಅವರ ಪಾಠ ಕೇಳಲು ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಬರತೊಡಗಿದರು. ಇಲ್ಲಿಯೂ ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರಿಗಾಗಿ ಇಟ್ಟಿದ್ದ ಪಾತ್ರೆಯಿಂದ ಅವರು ನೀರು ಕುಡಿಯುವುದಕ್ಕೆ ಕೆಲವು ಪ್ರಾಧ್ಯಾಪಕರು ಆಕ್ಷೇಪಿಸಿದರು. ಬರೋಡಾದ ಜವಾನನಿಗೆ ಅಕ್ಷರವಿಲ್ಲವೆಂದು ಕ್ಷಮಿಸಬಹುದಾದರೆ ಇವರಿಗೆ ಯಾವ ಕ್ಷಮೆ?

ಅದೇ 1918ರಲ್ಲಿ ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದ್ದರೆಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಆ ಸಮಿತಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರು ಅರಸರೊಡನೆ ಒಪ್ಪದೆ ಅಧಿಕಾರ ಬಿಟ್ಟುದಕ್ಕೆ ಈ ಪ್ರಶ್ನೆಯೂ ಒಂದು ಕಾರಣ. ಸರ್ಕಾರದ ನೌಕರಿ ಯಾರದು ಎಂಬ ಚರ್ಚೆ ಕನ್ನಡ ನಾಡಿಗೆ ಹೊಸತಲ್ಲ.

ಅಂಬೇಡ್ಕರರು ಮುಂದೆ ಲಂಡನ್ನಿಗೆ ಮರಳಿ ಓದು ಮುಗಿಸಿ, 1923ರಲ್ಲಿ ವಕೀಲಿಗೆ ನಿಂತರು. ಅವರ ಸಾರ್ವಜನಿಕ ಜೀವನದ ಕಥೆ ದೊಡ್ಡದು. ನಾನು ಒಂದೇ ಎಳೆಯನ್ನು ಹಿಡಿದು ಹೊರಟವನು. ಆ ಎಳೆ ಎಲ್ಲಿಯೂ ಕಡಿಯುವುದಿಲ್ಲ. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರೊಡನೆ ಮಂಡಿಸಿದ ರಕ್ಷಣೆಗಳ ಪಟ್ಟಿಯಲ್ಲಿ ಶಾಸನಸಭೆಯ ಸ್ಥಾನಗಳ ಜೊತೆಗೇ ಸರ್ಕಾರಿ ಸೇವೆಯ ಪಾಲೂ ಇತ್ತು. ನೇಮಕದ ಅಧಿಕಾರ ಒಬ್ಬರ ಮರ್ಜಿಯಲ್ಲಿರಬಾರದು, ಅದಕ್ಕಾಗಿ ಪ್ರತ್ಯೇಕ ಸೇವಾ ಆಯೋಗಗಳು ಬೇಕೆಂಬ ಸೂಚನೆಯೂ ಇತ್ತು. 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದವೆಂದರೆ ಎಲ್ಲರೂ ಚುನಾವಣಾ ಸ್ಥಾನಗಳ ಲೆಕ್ಕವನ್ನೇ ಹೇಳುತ್ತಾರೆ. ಅದರಲ್ಲೇ ಮತ್ತೊಂದು ಕಲಮು ಉಂಟು: ದಲಿತ ವರ್ಗಕ್ಕೆ ಸೇರಿದವನೆಂಬ ಕಾರಣದಿಂದ ಯಾರನ್ನೂ ಸರ್ಕಾರಿ ನೇಮಕಕ್ಕೆ ಅನರ್ಹನೆಂದು ಎಣಿಸತಕ್ಕದ್ದಲ್ಲ, ವಿದ್ಯಾರ್ಹತೆಗೆ ಒಳಪಟ್ಟು ಅವರಿಗೆ ನ್ಯಾಯವಾದ ಪಾಲು ದೊರೆಯುವಂತೆ ಯತ್ನಿಸತಕ್ಕದ್ದು.

ಕಾಗದದ ಮೇಲೆ ಇಷ್ಟಾಯಿತು. ಕಚೇರಿಯೊಳಗೆ ಏನಾಗುತ್ತಿತ್ತು? ಇದನ್ನು ತಿಳಿಯಲು ಅವರು ಬರೆದಿಟ್ಟು, ಮರಣಾನಂತರ, 1990ರಲ್ಲಿ ಅಚ್ಚಾದ ಸಣ್ಣ ಆತ್ಮಕಥನದ ಪುಟಗಳನ್ನು ನೋಡಬೇಕು. ಬರೋಡಾದ ಪ್ರಸಂಗವಿರುವುದೂ ಅದರಲ್ಲಿಯೇ. ತಮ್ಮ ಕಥೆಯ ಜೊತೆಗೆ ಅವರು ಇತರರ ಕಥೆಗಳನ್ನೂ ಅಲ್ಲಿ ಸೇರಿಸಿದ್ದಾರೆ. ಒಂದು, ಗುಜರಾತಿನ ಭಂಗಿ ಜಾತಿಯ ತರುಣನದು. 1936ರ ಫೆಬ್ರವರಿಯಲ್ಲಿ ಖೇಡಾ ಜಿಲ್ಲೆಯ ಬೋರ್ಸದ್ ತಾಲ್ಲೂಕಿಗೆ ಅವನನ್ನು ತಲಾಟಿಯಾಗಿ, ಎಂದರೆ ನಮ್ಮ ಹಳೆಯ ಶಾನುಭೋಗರಂಥ ಹುದ್ದೆಗೆ, ನೇಮಿಸಿದರು. ಮಾಮಲೇದಾರರ ಕಚೇರಿಗೆ ಹೋಗಿ ನಿಂತಾಗ ಗುಮಾಸ್ತ ಅವನ ಜಾತಿ ಕೇಳಿ ದೂರ ನಿಲ್ಲಿಸಿದ. ಪ್ರಮಾಣಪತ್ರಗಳನ್ನು ನೆಲದ ಮೇಲೆ ಇಡಿಸಿ ಎತ್ತಿಕೊಂಡ. ಕಚೇರಿಯ ಜಗಲಿಯಲ್ಲಿ ಕುಡಿಯುವ ನೀರಿನ ಪಾತ್ರೆಗಳಿದ್ದವು, ನೀರು ಕೊಡಲು ಒಬ್ಬ ಆಳಿದ್ದ. ಆಳಿಲ್ಲದಾಗ ಬೇರೆ ಗುಮಾಸ್ತರು ತಾವೇ ಬಗ್ಗಿಸಿಕೊಳ್ಳಬಹುದು, ಇವನು ಮುಟ್ಟುವಂತಿಲ್ಲ. ಇವನಿಗಾಗಿ ತುಕ್ಕುಹಿಡಿದ ಒಂದು ಸಣ್ಣ ಪಾತ್ರೆ ಬೇರೆಯಾಗಿತ್ತು. ಇವನು ಬರುವುದನ್ನು ಕಂಡರೆ ನೀರಿನ ಆಳು ಮೆಲ್ಲನೆ ಜಾರಿಕೊಳ್ಳುತ್ತಿದ್ದ. ಎಷ್ಟೋ ದಿನ ನೀರಿಲ್ಲದೆಯೇ ಕೆಲಸ. ಊರಲ್ಲಿ ಬಾಡಿಗೆಗೆ ಮನೆಯಿಲ್ಲ. ತನ್ನ ಪೂರ್ವಿಕರ ಊರಿಗೆ ಎಂಟು ಮೈಲಿ ನಡೆದು ಹೋಗಿ ಬರುತ್ತಿದ್ದ. ಕೊನೆಗೆ ಹಳ್ಳಿಯೊಂದಕ್ಕೆ ಕೆಲಸ ಕಲಿಯಲು ಕಳುಹಿಸಿದಾಗ ಊರ ಮುಖಂಡರು ಬೈದು, ಹೆದರಿಸಿ, ಪ್ರಾಣಭಯದಿಂದ ಓಡುವಂತೆ ಮಾಡಿದರು. ಕೆಲಸ ಬಿಟ್ಟು ಅವನು ಮುಂಬಯಿ ಸೇರಿದ.

ಬರೋಡಾಕ್ಕೂ ಬೋರ್ಸದಿಗೂ ನಡುವೆ ದೂರ ಹೆಚ್ಚಿಲ್ಲ. ಕಾಲದ ಅಂತರ ಹತ್ತೊಂಬತ್ತು ವರ್ಷ. ಕೊಲಂಬಿಯಾದ ಪಂಡಿತರಿಗೂ ಹಳ್ಳಿಗಾಡಿನ ಈ ಹುಡುಗನಿಗೂ ಕಚೇರಿ ತೋರಿಸಿದ್ದು ಒಂದೇ ಪಾತ್ರೆ. ಅಂಬೇಡ್ಕರರು ಇದನ್ನು ತಮ್ಮ ಕಥೆಯ ಜೊತೆಗೆ ಇಟ್ಟದ್ದು ಸುಮ್ಮನೆ ಅಲ್ಲವೆಂದು ನನಗನಿಸುತ್ತದೆ. ಒಬ್ಬನೇ ಹೋದವನು ಓಡಿಬರಲೇಬೇಕಾಗುತ್ತದೆ. ಹಲವರು ಹೋಗಬೇಕು, ಹಕ್ಕಾಗಿ ಹೋಗಬೇಕು, ಒಬ್ಬ ಅರಸನ ಕೃಪೆಯಿಂದಲ್ಲ.

ಹಾಗೆ ಹೋಗುವ ದಾರಿಯನ್ನು ಕಡಿಯುವ ಅಧಿಕಾರ 1940ರ ದಶಕದಲ್ಲಿ ಅವರ ಕೈಗೆ ಬಂತು. 1941ರಲ್ಲಿ ಅವರನ್ನು ರಕ್ಷಣಾ ಸಲಹಾ ಸಮಿತಿಗೆ ತೆಗೆದುಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ ಅವಸರಕ್ಕೆಂದು ಕಟ್ಟಿದ್ದ ಮಹಾರರ ದಳವನ್ನು 1921ರಲ್ಲಿ ಮತ್ತೆ ವಿಸರ್ಜಿಸಿದ್ದರು. ಈಗ ಅಂಬೇಡ್ಕರರು ಹಿಡಿದ ಹಟದಿಂದ ಮಹಾರ್ ರೆಜಿಮೆಂಟು ಮರಳಿ ಹುಟ್ಟಿತು. ಅದರ ಮೊದಲನೆಯ ದಳವನ್ನು 1941ರ ಅಕ್ಟೋಬರಿನಲ್ಲಿ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಸುಬೇದಾರ್ ರಾಮಜಿಯ ಕಾಲಕ್ಕೆ ಮುಚ್ಚಿದ್ದ ಬಾಗಿಲು ಸುಮಾರು ಐವತ್ತು ವರ್ಷಗಳ ಮೇಲೆ ಕನ್ನಡ ನೆಲದಲ್ಲಿ ತೆರೆಯಿತೆಂಬುದನ್ನು ಬೆಳಗಾವಿಯವರೂ ಎಷ್ಟು ಮಂದಿ ಬಲ್ಲರೋ.

1942ರ ಜುಲೈಯಲ್ಲಿ ವೈಸರಾಯರ ಕಾರ್ಯಕಾರಿ ಮಂಡಲದಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಅಕ್ಟೋಬರಿನಲ್ಲೇ ವೈಸರಾಯರಿಗೆ ದೀರ್ಘವಾದ ಮನವಿ ಸಲ್ಲಿಸಿದರು. 1934ರ ಸರ್ಕಾರಿ ನಿರ್ಣಯ ಮುಸಲ್ಮಾನರಿಗೆ ನೂರಕ್ಕೆ 25, ಇತರ ಅಲ್ಪಸಂಖ್ಯಾತರಿಗೆ ಎಂಟೂ ಮೂರನೆಯ ಒಂದು ಭಾಗದ ನೇಮಕಗಳನ್ನು ಗೊತ್ತುಮಾಡಿತ್ತು. ಅಸ್ಪೃಶ್ಯರಿಗೆ ಪ್ರಮಾಣವೇ ಇರಲಿಲ್ಲ. 1943ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ನೇಮಕಗಳಲ್ಲಿ ಪರಿಶಿಷ್ಟ ಜಾತಿಗಳಿಗೂ ಎಂಟೂ ಮೂರನೆಯ ಒಂದು ಭಾಗ ಮೀಸಲಾಯಿತು. ವಯೋಮಿತಿ, ಪರೀಕ್ಷೆಯ ಶುಲ್ಕಗಳೂ ಸಡಿಲಗೊಂಡವು. 1946ರಲ್ಲಿ ಅದು ಹನ್ನೆರಡೂವರೆಗೆ ಏರಿತು.

ಕೊನೆಯದು ರಾಜ್ಯಾಂಗ. ಈಗ 16ನೆಯ ಅನುಚ್ಛೇದವೆಂದು ನಾವು ಕರೆಯುವುದು ಕರಡಿನಲ್ಲಿ 10ನೆಯದು. 1948ರ ನವೆಂಬರ್ 30ರಂದು ಅದರ ಚರ್ಚೆ ನಡೆಯಿತು. ಆ ದಿನದ ನಡವಳಿಯನ್ನು ಓದಿದರೆ ಕರಡು ಸಮಿತಿಯ ಅಧ್ಯಕ್ಷರು ಎಷ್ಟು ತಣ್ಣಗೆ ಮಾತನಾಡಿದರೆಂದು ಬೆರಗಾಗುತ್ತದೆ. ಬರೋಡಾದ ಹೆಸರಿಲ್ಲ, ನೀರಿನ ಮಾತಿಲ್ಲ. ಎಲ್ಲರಿಗೂ ಸಮಾನ ಅವಕಾಶವಿರಬೇಕೆಂಬ ತತ್ತ್ವ ಒಂದು ಕಡೆ. ಇದುವರೆಗೆ ಆಡಳಿತದ ಹೊರಗೇ ಉಳಿದ ಸಮುದಾಯಗಳಿಗೆ ಒಳಬರುವ ದಾರಿ ಇರಬೇಕೆಂಬ ಬೇಡಿಕೆ ಇನ್ನೊಂದು ಕಡೆ. ಎರಡನೆಯದು ಮೊದಲನೆಯದನ್ನು ನುಂಗಬಾರದು, ಆದ್ದರಿಂದ ಮೀಸಲಾದ ಸ್ಥಾನಗಳು ಕಡಮೆ ಭಾಗವಾಗಿಯೇ ಇರಬೇಕು ಎಂದು ಲೆಕ್ಕಿಗರಂತೆ ಬಿಡಿಸಿ ಹೇಳಿದರು. ಅವರಿಗೆ ಪರವಾದ ವಾದವನ್ನು ಮಾತ್ರ ಉಲ್ಲೇಖಿಸುವವರೂ, ಅವರು ಹಾಕಿದ ಮಿತಿಯನ್ನು ಮಾತ್ರ ಉಲ್ಲೇಖಿಸುವವರೂ ಆ ಭಾಷಣವನ್ನು ಪೂರ್ತಿ ಓದಿದರೆ ಒಳ್ಳೆಯದು. ಧರ್ಮ, ಕುಲ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ನಿವಾಸ ಇವುಗಳ ಕಾರಣದಿಂದ ಮಾತ್ರವೇ ಸರ್ಕಾರದ ನೌಕರಿಯಲ್ಲಿ ಯಾರಿಗೂ ಭೇದ ಮಾಡಕೂಡದೆಂಬ ನಿಯಮ 1950ರ ಜನವರಿ 26ರಿಂದ ಜಾರಿಗೆ ಬಂತು. ಈ ಪಟ್ಟಿಯಲ್ಲಿ ಲಿಂಗವೂ ಸೇರಿದೆಯೆಂಬುದನ್ನು ಗಮನಿಸಬೇಕು. ಕಚೇರಿಗೆ ಬಂದ ಹೆಣ್ಣುಮಕ್ಕಳು ನ್ಯಾಯಾಲಯದಲ್ಲಿ ಹಿಡಿದು ನಿಂತದ್ದು ಈ ಸಾಲನ್ನೇ. ಕೊಡಗಿನ ಸಿ.ಬಿ. ಮುತ್ತಮ್ಮನವರು ವಿದೇಶಾಂಗ ಸೇವೆಯ ನಿಯಮಗಳನ್ನು ಪ್ರಶ್ನಿಸಿ 1979ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಕಥೆ ಪ್ರತ್ಯೇಕವಾಗಿ ಬರೆಯಬೇಕಾದದ್ದು.

1951ರಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ದಂಡನೀಯವಾಗಿಸುವ ಕಾಯಿದೆ ಬಂತು. 1956ರ ಡಿಸೆಂಬರ್ 6ರಂದು ದೆಹಲಿಯ ಮನೆಯಲ್ಲಿ, ನಿದ್ರೆಯಲ್ಲಿಯೇ, ಅವರು ತೀರಿಕೊಂಡರು.

ನಾನು ಗುಮಾಸ್ತನಾಗಿ ಸೇರಿದ್ದು 1969ರಲ್ಲಿ, ಜಿಲ್ಲಾ ಕೇಂದ್ರವೊಂದರ ಕಚೇರಿಗೆ. ಮೂರು ವರ್ಷದ ಮೇಲೆ, ಅಂಬೇಡ್ಕರರು ಬರೆದ ಆ ನಿಯಮದ ಬಲದಿಂದ, ನನ್ನ ಪಕ್ಕದ ಮೇಜಿಗೆ ಒಬ್ಬರು ಬಂದರು. ನನಗಿಂತ ಚೆಂದದ ಅಕ್ಷರ, ಟಿಪ್ಪಣಿ ಬರೆಯುವುದರಲ್ಲಿ ನನಗಿಂತ ಚುರುಕು. ಮೂಲೆಯಲ್ಲಿ ಮಣ್ಣಿನ ಹೂಜಿ, ಅದರ ಮೇಲೆ ಕವುಚಿದ ಲೋಟ. ಅವರಿಗೆ ಅದನ್ನು ಮುಟ್ಟಬೇಡಿರೆಂದು ಯಾರೂ ಹೇಳಿದವರಿಲ್ಲ. ಅವರು ದಿನವೂ ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ಮೊದಲ ದಿನಗಳಲ್ಲಿ ಶಿರಸ್ತೇದಾರರು ಹೂಜಿಯ ಕಡೆಗೂ ಅವರ ಕಡೆಗೂ ನೋಡಿದ ಒಂದು ನೋಟವನ್ನು ನಾನು ಕಂಡಿದ್ದೆ, ಅವರೂ ಕಂಡಿರಬೇಕು. ನನಗೆ ಅದು ಅರ್ಥವಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನ ಹೂಜಿಯಿಂದ ಲೋಟದಲ್ಲಿ ನೀರು ಬಗ್ಗಿಸಿ ಅವರ ಮೇಜಿನ ಮೇಲೆ ಇಡುವುದು ನನಗೆ ಕಷ್ಟವಾಗಿರಲಿಲ್ಲ. ಇಡಲಿಲ್ಲ. ಮುಂದೆ ಇಬ್ಬರಿಗೂ ಬೇರೆ ಬೇರೆ ಊರುಗಳಿಗೆ ವರ್ಗವಾಯಿತು. 2005ರಲ್ಲಿ ನಾನು ನಿವೃತ್ತನಾದ ದಿನ ಅವರು ದೂರದ ಊರಿನಿಂದ ಬಸ್ಸಿನಲ್ಲಿ ಬಂದು ಹಾರ ಹಾಕಿದರು. ಹಳೆಯ ಕಚೇರಿಯ ಎಷ್ಟೋ ಸಂಗತಿಗಳನ್ನು ಅಂದು ಇಬ್ಬರೂ ನೆನೆದೆವು. ಹೂಜಿಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.